ಸಾಧಾರಣ ಹೊಲಿಗೆ ಯಂತ್ರ: ಸೂಜಿ ಬೇಕಾದಲ್ಲಿ ನಿಲ್ಲಬೇಕು, ವೇಗ ಕಾಲಿನ ಹಿಡಿತದಲ್ಲಿರಬೇಕು – ದಾರಿ ಏನು?

ಡೊಂಬಿವಲಿ ಪೂರ್ವ

ಎಲ್ಲರಿಗೂ ನಮಸ್ಕಾರ. ನನ್ನಲ್ಲಿರುವುದು ವಿದ್ಯುತ್ತಿನಿಂದ ನಡೆಯುವ, ಗುಂಡಿ ತಿರುಗಿಸಿ ಹೊಲಿಗೆಯ ಬಗೆಯನ್ನು ಆರಿಸಿಕೊಳ್ಳುವ ಸಾಧಾರಣ ಜಿಗ್‌ಜ್ಯಾಗ್ ಯಂತ್ರ. ಸೂಜಿಯನ್ನು ಮೇಲೆ ಕೆಳಗೆ ಮಾಡುವ ಬಟನ್ ಅದರಲ್ಲಿಲ್ಲ, ವೇಗಕ್ಕೆ ಮಿತಿ ಹಾಕುವ ಸ್ಲೈಡರ್ ಕೂಡ ಇಲ್ಲ. ಗುಳೇದಗುಡ್ಡದ ಖಣದಲ್ಲಿ ರವಿಕೆ, ಎಳೆಯ ಮಕ್ಕಳಿಗೆ ಕುಲಾವಿ, ಸೀರೆಗೆ ಫಾಲ್, ಇಷ್ಟೇ ನನ್ನ ಕೆಲಸ. ಪರಿಚಯದ ಕನ್ನಡ ಮನೆಗಳಿಂದ ಬೇಡಿಕೆ ಬರತೊಡಗಿರುವುದರಿಂದ ಕೆಲಸ ಇನ್ನಷ್ಟು ಶುದ್ಧವಾಗಬೇಕೆಂಬ ಆಸೆ ಇದೆ.

ತೊಂದರೆ ಎರಡು. ಪೆಡಲನ್ನು ಅರ್ಧ ಒತ್ತುವವರೆಗೂ ಯಂತ್ರ ಬರೀ ಗುಂಯ್‌ಗುಡುತ್ತದೆ. ಅದರಾಚೆ ಕೂದಲೆಳೆಯಷ್ಟು ಒತ್ತಿದರೂ ಒಮ್ಮೆಲೇ ನುಗ್ಗುತ್ತದೆ. ಕಾಲು ತೆಗೆದ ಮೇಲೂ ಎರಡು ಮೂರು ಹೊಲಿಗೆ ಮುಂದಕ್ಕೆ ಹೋಗಿ, ಸೂಜಿ ತನಗೆ ತೋಚಿದ ಕಡೆ ನಿಲ್ಲುತ್ತದೆ. ರವಿಕೆಯ ಕೊರಳಿನ ಪೈಪಿಂಗ್ ತಿರುಗಿಸುವಾಗ ಸೂಜಿ ಬಟ್ಟೆಯ ಹೊರಗಿದ್ದರೆ ಬಟ್ಟೆ ಜಾರಿ ಸಾಲು ತಪ್ಪುತ್ತದೆ. ಕೆಲಸ ಮುಗಿಸಿ ಬಟ್ಟೆಯನ್ನು ಎಳೆದರೆ ದಾರ ಬಿಗಿಹಿಡಿದು ಕೂರುತ್ತದೆ. ಇದಕ್ಕೆ ಹೊರಗಿನಿಂದ ಜೋಡಿಸುವ ಸಾಧನವೇನಾದರೂ ಇದೆಯೇ, ಅಥವಾ ಹೊಸ ಎಲೆಕ್ಟ್ರಾನಿಕ್ ಯಂತ್ರವನ್ನೇ ಕೊಳ್ಳಬೇಕೇ? ನಮ್ಮದು ಒಂದೇ ಕೋಣೆ ಮತ್ತು ಅಡುಗೆಮನೆಯ ಮನೆಯಾದ್ದರಿಂದ ದೊಡ್ಡ ಮೇಜಿಗೆ ಜಾಗವಿಲ್ಲ.

ಮಾಟುಂಗಾದ ಹೊಲಿಗೆಯವರು

ಹೊಸ ಯಂತ್ರ ಕೊಳ್ಳುವ ಮೊದಲು ಬಲಗೈಯನ್ನು ಪಳಗಿಸಿರಿ ಎಂದು ಕಳಕಳಿಯಿಂದ ಹೇಳುತ್ತೇನೆ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಹೊಲಿಗೆ ನಡೆದಿದೆ. ಬಟನ್ ಒತ್ತಿ ಸೂಜಿ ನಿಲ್ಲಿಸುವ ಯಂತ್ರಗಳು ಬರುವುದಕ್ಕೆ ಎಷ್ಟೋ ಮೊದಲೇ ಈ ಊರಿನ ದರ್ಜಿಗಳು ಕಾಲರಿನ ಮೂಲೆಯನ್ನು ಒಂದು ಹೊಲಿಗೆಯೂ ಹೆಚ್ಚಾಗದಂತೆ ತಿರುಗಿಸುತ್ತಿದ್ದರು. ಅವರ ಹಿಡಿತವಿದ್ದದ್ದು ಕೈಚಕ್ರದಲ್ಲಿ. ಕೊನೆಯ ನಾಲ್ಕೈದು ಹೊಲಿಗೆ ಇರುವಾಗಲೇ ಕಾಲನ್ನು ಪೂರ್ತಿ ತೆಗೆದು, ಅಂಗೈಯನ್ನು ಚಕ್ರದ ಮೇಲೆ ಹಗುರವಾಗಿ ಇಟ್ಟು ಅದರ ಓಟವನ್ನು ತಡೆದು, ಉಳಿದ ಹೊಲಿಗೆಗಳನ್ನು ಕೈಯಿಂದಲೇ ತಿರುಗಿಸಿ ಮುಗಿಸುವುದು ಅವರ ಕ್ರಮ. ಚಕ್ರ ಯಾವಾಗಲೂ ನಿಮ್ಮ ಕಡೆಗೇ ತಿರುಗಬೇಕು. ಹಿಂದಕ್ಕೆ ತಿರುಗಿಸಿದರೆ ಅಡಿಯಲ್ಲಿ ದಾರ ಗಂಟಾಗುತ್ತದೆ.

ಬಟ್ಟೆ ಎಳೆದಾಗ ದಾರ ಬಿಗಿಹಿಡಿಯುವುದಕ್ಕೆ ಕಾರಣ ಟೆನ್ಷನ್, ಅಂದರೆ ದಾರದ ಬಿಗಿತದ ಹೊಂದಿಕೆ, ಅಲ್ಲದಿರಬಹುದು. ನೀವು ಸೂಜಿಯನ್ನು ನೋಡಿ ನಿಲ್ಲಿಸುತ್ತಿದ್ದೀರಿ ಎಂದು ನನಗೆ ತೋರುತ್ತದೆ. ನೋಡಬೇಕಾದದ್ದು ದಾರ ಎತ್ತುವ ಲಿವರನ್ನು. ಸೂಜಿ ತನ್ನ ಅತಿ ಎತ್ತರವನ್ನು ಮುಟ್ಟಿ ಮತ್ತೆ ಇಳಿಯಲು ತೊಡಗಿದ ಸ್ವಲ್ಪ ಹೊತ್ತಿಗೆ ಲಿವರ್ ತನ್ನ ತುದಿಗೆ ಬರುತ್ತದೆ. ಮೇಲಿನ ದಾರ ಕೆಳದಾರದ ಸುರುಳಿಯಾದ ಬಾಬಿನ್ನನ್ನು ಬಳಸಿ ಬಂದು, ಬಿಗಿದು, ಒಂದು ಹೊಲಿಗೆ ಮುಗಿಯುವುದು ಆ ಕ್ಷಣದಲ್ಲಿ. ಅದಕ್ಕಿಂತ ಮೊದಲು ನಿಲ್ಲಿಸಿದರೆ ದಾರದ ಕುಣಿಕೆ ಇನ್ನೂ ಕೆಳಗಿನ ಕೊಕ್ಕೆಗೆ ಸುತ್ತಿಕೊಂಡಿರಬಹುದು. ಆಗ ಬಟ್ಟೆ ಎಳೆದರೆ ಎರಡು ದಾರ ಬರುವಲ್ಲಿ ಮೂರು ಎಳೆ ಕಾಣಿಸುತ್ತದೆ, ಇಲ್ಲವೇ ಸೂಜಿ ಬಾಗುತ್ತದೆ. ಆರಂಭದಲ್ಲೂ ಇದೇ ನಿಯಮ. ಲಿವರ್ ಕೆಳಗಿರುವಾಗ ಹೊಲಿಗೆ ಆರಂಭಿಸಿದರೆ ಅದು ಮೇಲೇರುವಾಗ ದಾರವನ್ನು ಸೂಜಿಯ ಕಣ್ಣಿನಿಂದಲೇ ಎಳೆದು ಹಾಕುತ್ತದೆ. ಲಿವರ್ ತುದಿಯಲ್ಲಿರಲಿ, ಎರಡೂ ದಾರಗಳ ತುದಿಯನ್ನು, ಬಟ್ಟೆಯನ್ನು ಒತ್ತಿಹಿಡಿಯುವ ಯಂತ್ರದ ಪಾದದ ಹಿಂದಕ್ಕೆ ಹಿಡಿದು ಮೊದಲ ಎರಡು ಮೂರು ಹೊಲಿಗೆ ಹಾಕಿರಿ.

ಲಿವರ್ ತುದಿಯಲ್ಲಿರುವಾಗ ಕೈಚಕ್ರದ ಅಂಚಿನಲ್ಲಿ, ನೆತ್ತಿಗೆ ಬರುವ ಜಾಗದಲ್ಲಿ, ಉಗುರುಬಣ್ಣದ ಒಂದು ಕೆಂಪು ಬೊಟ್ಟು ಇಡಿ. ಬಗ್ಗಿ ನೋಡದೆ ಕಣ್ಣಂಚಿನಿಂದಲೇ ಸೂಜಿಯ ಸ್ಥಿತಿ ತಿಳಿಯುತ್ತದೆ.

ಕೊಥ್ರೂಡ್, ಪುಣೆ

ಮೇಲಿನ ಮಾತು ಸರಿ. ಆದರೆ ಪೆಡಲಿನ ತೊಂದರೆ ಕೈಯ ಅಭ್ಯಾಸದಿಂದಷ್ಟೇ ಹೋಗುವುದಿಲ್ಲ, ಅದರ ಕಾರಣ ಮೋಟಾರಿನ ಸ್ವಭಾವದಲ್ಲಿದೆ. ನನ್ನ ವೃತ್ತಿ ಮೋಟಾರುಗಳದ್ದಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸಾಧಾರಣ ಯಂತ್ರಗಳಲ್ಲಿ ಇರುವುದು ಕಾರ್ಬನ್ ಬ್ರಷ್ ಇರುವ ಯೂನಿವರ್ಸಲ್ ಮೋಟಾರು. ಹಳೆಯ ಮಾದರಿಯ ಪೆಡಲಿನೊಳಗೆ ಕಾರ್ಬನ್ ಬಿಲ್ಲೆಗಳ ಸಾಲು ಅಥವಾ ಸುರುಳಿ ತಂತಿಯ ರೆಸಿಸ್ಟರ್ ಇರುತ್ತದೆ. ಕಾಲಿನಿಂದ ಒತ್ತಿದಷ್ಟೂ ತಡೆ ಕಡಿಮೆಯಾಗಿ ಮೋಟಾರಿಗೆ ಹೆಚ್ಚು ವೋಲ್ಟೇಜ್ ಸಿಗುತ್ತದೆ. ನಿಧಾನವಾಗಿ ಹೊಲಿಯುವಾಗ ಏನಾಗುತ್ತದೆ ನೋಡಿ: ಸೂಜಿ ಬಟ್ಟೆಗೆ ತಾಗಿ ಭಾರ ಹೆಚ್ಚಾದ ಕೂಡಲೇ ಮೋಟಾರು ಹೆಚ್ಚು ಕರೆಂಟು ಬಯಸುತ್ತದೆ, ಕರೆಂಟು ಹೆಚ್ಚಿದಷ್ಟೂ ಪೆಡಲಿನ ತಡೆಯಲ್ಲೇ ಹೆಚ್ಚು ವೋಲ್ಟೇಜ್ ಕಳೆದುಹೋಗುತ್ತದೆ, ಆದ್ದರಿಂದ ಬಲ ಅತ್ಯಂತ ಬೇಕಾದ ಕ್ಷಣದಲ್ಲೇ ಮೋಟಾರಿಗೆ ಅದು ಸಿಗದೆ ಸೂಜಿ ಬಟ್ಟೆಯ ಮೇಲೆ ತಡೆದು ನಿಲ್ಲುತ್ತದೆ. ನೀವು ಇನ್ನಷ್ಟು ಒತ್ತುತ್ತೀರಿ. ಸೂಜಿ ಒಳಹೊಕ್ಕ ಮರುಕ್ಷಣ ಭಾರ ಇಳಿಯುತ್ತದೆ, ಕಾಲು ಮಾತ್ರ ಇನ್ನೂ ಕೆಳಗೇ ಇರುತ್ತದೆ, ಮೋಟಾರು ನುಗ್ಗುತ್ತದೆ. ನೀವು ಹೇಳಿದ ಗುಂಯ್‌ಗುಟ್ಟುವಿಕೆ ಮತ್ತು ನೆಗೆತ ಎರಡಕ್ಕೂ ಕಾರಣ ಇದೇ. ಸೂಜಿ ಚಲಿಸದೆ ಮೋಟಾರು ಬರೀ ಗುಂಯ್‌ಗುಡುತ್ತಿದ್ದರೆ ಕಾಲನ್ನು ಹಾಗೆಯೇ ಇಟ್ಟುಕೊಂಡಿರಬೇಡಿ, ಮೋಟಾರೂ ಪೆಡಲೂ ಬಿಸಿಯಾಗುತ್ತವೆ. ಕಾಲು ತೆಗೆದು, ಚಕ್ರವನ್ನು ಕೈಯಿಂದ ತಿರುಗಿಸಿ ಸೂಜಿಯನ್ನು ಬಟ್ಟೆಯೊಳಗೆ ಇಳಿಸಿ, ಅಲ್ಲಿಂದ ಆರಂಭಿಸಿರಿ. ಆಗ ಮೋಟಾರು ಬಟ್ಟೆಯನ್ನು ಮತ್ತೆ ಚುಚ್ಚುವ ಮೊದಲು ಸುಮಾರು ಒಂದು ಸುತ್ತಿನ ವೇಗ ಗಳಿಸಿಕೊಂಡಿರುತ್ತದೆ.

ಎಲೆಕ್ಟ್ರಾನಿಕ್ ಪೆಡಲಿನ ರೀತಿ ಬೇರೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಪ್ರತಿ ಸೆಕೆಂಡಿಗೆ 100 ಅರ್ಧ ಅಲೆಗಳು ಬರುತ್ತವೆ. ಆ ಪೆಡಲು ಪ್ರತಿ ಅರ್ಧ ಅಲೆಯ ಮೊದಲ ಭಾಗವನ್ನು ತಡೆದು, ಉಳಿದುದನ್ನು ಮಾತ್ರ ಮೋಟಾರಿಗೆ ಬಿಡುತ್ತದೆ. ನಡುವೆ ದೊಡ್ಡ ತಡೆ ಇಲ್ಲದಿರುವುದರಿಂದ ಭಾರ ಬಂದಾಗ ಮೋಟಾರು ಅಷ್ಟು ಬೇಗ ಸೋಲುವುದಿಲ್ಲ. ಯಂತ್ರವನ್ನು ಬದಲಿಸದೆ ಪೆಡಲನ್ನಷ್ಟೇ ಬದಲಿಸಿದರೂ ನಿಧಾನ ಹೊಲಿಗೆ ಗಮನಾರ್ಹವಾಗಿ ಸುಧಾರಿಸುವ ಸಾಧ್ಯತೆ ಇದೆ. ಕೊಳ್ಳುವಾಗ ವೋಲ್ಟೇಜ್, ಮೋಟಾರಿನ ವ್ಯಾಟ್ ಮತ್ತು ಪ್ಲಗ್ಗಿನ ಪಿನ್ನುಗಳ ಜೋಡಣೆ ನಿಮ್ಮ ಯಂತ್ರಕ್ಕೆ ಹೊಂದಲೇಬೇಕು. ಪಿನ್ನು ಕೂತ ಮಾತ್ರಕ್ಕೆ ಒಳಗಿನ ತಂತಿಯ ಜೋಡಣೆಯೂ ಅದೇ ಎಂದು ತಿಳಿಯಬಾರದು. ಆದ್ದರಿಂದ ಯಂತ್ರವನ್ನೇ ರಿಪೇರಿಯವರ ಬಳಿಗೆ ಒಯ್ದು ಅಲ್ಲೇ ಜೋಡಿಸಿ ಪರೀಕ್ಷಿಸಿ ತರುವುದು ಕ್ಷೇಮ.

ಸೂಜಿ ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆ ಮತ್ತು ವೇಗದ ಪ್ರಶ್ನೆ ನಿಜವಾಗಿ ಒಂದೇ. ಈ ಯಂತ್ರಗಳಲ್ಲಿ ಚಕ್ರದ ಒಂದು ಸುತ್ತಿಗೆ ಒಂದು ಹೊಲಿಗೆ. ನಿಮಿಷಕ್ಕೆ 800 ಹೊಲಿಗೆಯ ವೇಗದಲ್ಲಿ ಸೆಕೆಂಡಿಗೆ ಸುಮಾರು 13 ಹೊಲಿಗೆಗಳಾಗುತ್ತವೆ. ಕಣ್ಣು ಕಂಡು ಕಾಲು ಮೇಲೇಳಲು ಸೆಕೆಂಡಿನ ಐದನೆಯ ಒಂದು ಭಾಗ ಹಿಡಿದರೂ ಅಷ್ಟರಲ್ಲಿ ಎರಡೂವರೆ ಹೊಲಿಗೆ ಮುಗಿದಿರುತ್ತದೆ. ಚಕ್ರದ ಜಡತ್ವದಿಂದ ಮುಂದಕ್ಕೆ ಹೋಗುವುದು ಬೇರೆ. ನಿಮಿಷಕ್ಕೆ 120ರ ವೇಗದಲ್ಲಾದರೆ ಅದೇ ಹೊತ್ತಿಗೆ ಅರ್ಧ ಹೊಲಿಗೆಯೂ ಆಗಿರುವುದಿಲ್ಲ. ಕೊನೆಯ ಒಂದು ಅಂಗುಲದಲ್ಲಿ ವೇಗ ಇಳಿಸಿದವರಿಗೆ ಮಾತ್ರ ಸೂಜಿಯ ಮೇಲೆ ಅಧಿಕಾರವಿರುತ್ತದೆ.

ಸಾಯನ್, ಗಾರ್ಮೆಂಟ್ ಕೆಲಸ

ಧಾರಾವಿಯ ಕಾರ್ಖಾನೆಗಳಲ್ಲಿ ನಾವು ನಡೆಸುವ ಪವರ್ ಯಂತ್ರಗಳ ಕಡೆಯಿಂದ ಒಂದು ಮಾತು. ಅಲ್ಲಿ ಮೊದಲು ಕ್ಲಚ್ ಮೋಟಾರುಗಳಿದ್ದವು. ಸ್ವಿಚ್ ಹಾಕಿದ ಮೇಲೆ ಮೋಟಾರು ಪೂರ್ಣ ವೇಗದಲ್ಲಿ ತಿರುಗುತ್ತಲೇ ಇರುತ್ತದೆ, ಕಾಲು ಕ್ಲಚ್ಚನ್ನು ಎಷ್ಟು ಹಿಡಿಸುತ್ತದೆಯೋ ಅಷ್ಟು ವೇಗ ಸೂಜಿಗೆ ಸಿಗುತ್ತದೆ. ಜೂಕಿ ಡಿಡಿಎಲ್-8700ರಂಥ ಯಂತ್ರದ ಗರಿಷ್ಠ ವೇಗ ನಿಮಿಷಕ್ಕೆ 5500 ಹೊಲಿಗೆ. ಅಂಥದ್ದರಲ್ಲಿ ಒಂದೊಂದೇ ಹೊಲಿಗೆ ಹಾಕುವ ಕಾಲನ್ನು ಪಳಗಿಸಿಕೊಳ್ಳಲು ಹೊಸಬರು ಬಹಳ ಶ್ರಮಪಡಬೇಕಾಗುತ್ತದೆ. ಈಗ ಸರ್ವೋ ಮೋಟಾರುಗಳು ಬಂದಿವೆ. ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತವೆ, ಗರಿಷ್ಠ ವೇಗವನ್ನು ಮೊದಲೇ ಗೊತ್ತುಮಾಡಿಡಬಹುದು, ಸೂಜಿ ಎಲ್ಲಿದೆಯೆಂದು ಮೋಟಾರಿಗೆ ತಿಳಿಸುವ ಸಿಂಕ್ರೊನೈಸರನ್ನು ಚಕ್ರದ ಬಳಿ ಹಾಕಿದರೆ ಪ್ರತಿ ಸಲವೂ ಸೂಜಿ ಹೇಳಿದ ಕಡೆಯೇ ನಿಲ್ಲುತ್ತದೆ. ಆದರೆ ಇವು ಕಬ್ಬಿಣದ ಸ್ಟ್ಯಾಂಡಿನ ಮೇಜಿಗೆ ಬಿಗಿಯುವ ಮೋಟಾರುಗಳು. ಪ್ರಶ್ನೆ ಕೇಳಿದವರ ಮನೆಗೂ ಯಂತ್ರಕ್ಕೂ ಹೊಂದುವುದಿಲ್ಲ.

ಅವರ ಕೈಗೆಟುಕುವ ಉಪಾಯವೆಂದರೆ ಪೆಡಲಿನ ಹಲಗೆಯ ಅಡಿಗೆ ಗಟ್ಟಿ ಸ್ಪಂಜಿನ ತುಂಡನ್ನು ಇಟ್ಟು, ಅದು ಪೂರ್ತಿ ಕೆಳಗೆ ಹೋಗದಂತೆ ಮಾಡುವುದು. ಕಲಿಯುವವರಿಗೆ ನಾವು ಇದನ್ನೇ ಮಾಡಿಕೊಡುತ್ತೇವೆ. ಹಿಮ್ಮಡಿ ನೆಲದಲ್ಲೇ ಊರಿರಲಿ, ಪಾದದ ಮುಂಭಾಗ ಮಾತ್ರ ಪೆಡಲಿನ ಮೇಲಿರಲಿ. ಇಡೀ ಕಾಲನ್ನು ಎತ್ತಿ ಇಟ್ಟರೆ ತೊಡೆಯ ಭಾರವೆಲ್ಲ ಪೆಡಲಿಗೆ ಬೀಳುತ್ತದೆ. ಚಪ್ಪಲಿ ತೆಗೆದರೆ ಇನ್ನೂ ಒಳ್ಳೆಯದು.

ಡೊಂಬಿವಲಿ ಪೂರ್ವ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಎರಡು ಸಂದೇಹ ಉಳಿದಿವೆ. ಬಲಗೈ ಚಕ್ರದ ಮೇಲಿದ್ದರೆ ಬಟ್ಟೆಯನ್ನು ನಡೆಸುವವರು ಯಾರು? ಪೈಪಿಂಗ್ ಹಾಕುವಾಗ ಎರಡು ಕೈಯೂ ಸಾಲದಂತಾಗುತ್ತದೆ. ಎರಡನೆಯದು, ನಮ್ಮ ಕಟ್ಟಡದ ಎಲೆಕ್ಟ್ರಿಷಿಯನ್ ಒಬ್ಬರು ಪ್ಲಗ್ಗಿನ ಬಳಿ ಫ್ಯಾನ್ ರೆಗ್ಯುಲೇಟರ್ ಜೋಡಿಸಿದರೆ ವೇಗಕ್ಕೆ ಶಾಶ್ವತ ಮಿತಿ ಹಾಕಬಹುದು ಎನ್ನುತ್ತಾರೆ. ಮುಂಬಯಿಯ ವಿದ್ಯುತ್ ಸಾಮಾನಿನ ಪೇಟೆ ಲೋಹಾರ್ ಚಾಳಿನಲ್ಲಿ ಅಗ್ಗಕ್ಕೆ ಸಿಗುತ್ತದಂತೆ. ಹಾಕಿಸಲೇ?

ಕೊಥ್ರೂಡ್, ಪುಣೆ

ದಯವಿಟ್ಟು ಹಾಕಿಸಬೇಡಿ. ಫ್ಯಾನಿನ ಮೋಟಾರು ಇಂಡಕ್ಷನ್ ಜಾತಿಯದು, ಹೊಲಿಗೆ ಯಂತ್ರದ್ದು ಬೇರೆ. ಆ ರೆಗ್ಯುಲೇಟರನ್ನು ಇದಕ್ಕಾಗಿ ಮಾಡಿಲ್ಲ. ನಿಮ್ಮ ಪೆಡಲ್ ಎಲೆಕ್ಟ್ರಾನಿಕ್ ಆಗಿದ್ದು, ಅದರ ಹಿಂದೆ ಅಲೆ ಕತ್ತರಿಸುವ ಇನ್ನೊಂದು ರೆಗ್ಯುಲೇಟರ್ ಬಂದರೆ ಎರಡೂ ಒಂದೇ ಅಲೆಯನ್ನು ಕತ್ತರಿಸಲು ಹೋಗಿ ಯಂತ್ರ ಬಿಟ್ಟು ಬಿಟ್ಟು ಓಡುತ್ತದೆ. ಪೆಡಲ್ ಹಳೆಯ ಮಾದರಿಯದಾಗಿದ್ದರೆ ಓಡಬಹುದು, ಆದರೆ ಗರಿಷ್ಠ ವೇಗದ ಜೊತೆಗೆ ಬಲವೂ ಇಳಿಯುವುದರಿಂದ ಖಣದ ಮಡಿಕೆಯ ಮೇಲೆ ಸೂಜಿ ಇನ್ನಷ್ಟು ಬೇಗ ತಡೆದು ನಿಲ್ಲುತ್ತದೆ. ಸ್ಪಂಜಿನ ಉಪಾಯದಲ್ಲಿ ಈ ಅಪಾಯಗಳಿಲ್ಲ, ಏಕೆಂದರೆ ಅದು ವಿದ್ಯುತ್ತಿನ ಗೊಡವೆಗೇ ಹೋಗುವುದಿಲ್ಲ. ಸ್ಪಂಜು ಪೆಡಲಿನ ಗಾಳಿಕಂಡಿಗಳನ್ನು ಮಾತ್ರ ಮುಚ್ಚಬಾರದು. ರೆಸಿಸ್ಟರ್ ಇರುವ ಪೆಡಲು ನಿಧಾನ ಹೊಲಿಗೆಯಲ್ಲೇ ಹೆಚ್ಚು ಬಿಸಿಯಾಗುತ್ತದೆ.

ಮಾಟುಂಗಾದ ಹೊಲಿಗೆಯವರು

ಬಟ್ಟೆಯನ್ನು ನಡೆಸುವುದು ನಿಮ್ಮ ಕೈಯಲ್ಲ, ಪಾದದ ಅಡಿಯಲ್ಲಿರುವ ಹಲ್ಲುಗಳು. ಸೂಜಿ ಬಟ್ಟೆಯಿಂದ ಹೊರಬಂದಾಗ ಅವು ಮೇಲೆದ್ದು ಬಟ್ಟೆಯನ್ನು ಒಂದು ಹೊಲಿಗೆಯಷ್ಟು ಹಿಂದಕ್ಕೆ ತಳ್ಳುತ್ತವೆ. ಸೂಜಿ ಒಳಗಿರುವಾಗ ನಾವು ಬಟ್ಟೆಯನ್ನು ಎಳೆದರೆ ಸೂಜಿ ಬಾಗಿ ತಟ್ಟೆಗೆ ಬಡಿಯುತ್ತದೆ, ತುದಿ ಮೊಂಡಾಗುತ್ತದೆ. ಆದ್ದರಿಂದ ಎಡಗೈ ದಾರಿ ತೋರಿಸಿದರೆ ಸಾಕು. ನೇರ ಸಾಲಿನಲ್ಲಿ ಎರಡೂ ಕೈ ಬಟ್ಟೆಯ ಮೇಲೇ ಇರಲಿ, ಬಲಗೈ ಚಕ್ರಕ್ಕೆ ಹೋಗುವುದು ಆರಂಭಕ್ಕೆ, ಮೂಲೆಗೆ ಮತ್ತು ಕೊನೆಗೆ ಮಾತ್ರ. ಪೈಪಿಂಗಿನ ಬಳ್ಳಿಯನ್ನು ಮೊದಲೇ ಕೈಹೊಲಿಗೆಯಿಂದ ಕಚ್ಚಾ ಹಾಕಿಟ್ಟುಕೊಂಡರೆ ಎರಡನೆಯ ಕೈ ಬಿಡುವಾಗುತ್ತದೆ. ಕಚ್ಚಾ ಹಾಕುವ ಹೊತ್ತನ್ನು ಉಳಿಸಲು ಹೋಗುವವರು ಅದರ ಎರಡರಷ್ಟು ಹೊತ್ತನ್ನು ಬಿಚ್ಚುವುದಕ್ಕೆ ಕೊಡುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಡಗಾಂವ್

ಗೋವಾದಿಂದ ಬರೆಯುತ್ತಿದ್ದೇನೆ. ಯಾರೂ ಇನ್ನೂ ಎಣ್ಣೆಯ ವಿಷಯ ಎತ್ತಿಲ್ಲ. ಪೆಡಲಿನ ಮೇಲೆ ದೋಷ ಹೊರಿಸುವ ಮೊದಲು ಯಂತ್ರ ಹಗುರವಾಗಿ ತಿರುಗುತ್ತದೆಯೇ ಎಂದು ನೋಡಬೇಕು. ಪ್ಲಗ್ ತೆಗೆದು, ದಾರವನ್ನೂ ಬಾಬಿನ್ನನ್ನೂ ತೆಗೆದು, ಪಾದವನ್ನು ಎತ್ತಿಟ್ಟು, ಕೈಚಕ್ರವನ್ನು ಎರಡೇ ಬೆರಳಿನಿಂದ ತಿರುಗಿಸಿರಿ. ಎಲ್ಲಿಯಾದರೂ ಗಟ್ಟಿಯಾಗಿ ಹಿಡಿದಂತಾದರೆ ಮೋಟಾರು ಮೊದಲು ಆ ಬಿಗಿತವನ್ನು ಗೆಲ್ಲಬೇಕು, ಆಮೇಲಷ್ಟೇ ಹೊಲಿಯಬೇಕು. ಅರ್ಧ ಪೆಡಲಿನವರೆಗೆ ಯಂತ್ರ ಏಳದಿರುವುದಕ್ಕೆ ಇದೇ ಕಾರಣವಿರಬಹುದು.

ಇಲ್ಲಿ ಕರಾವಳಿಯಲ್ಲಿ ಮಳೆಗಾಲದ ತೇವ ಮತ್ತು ಸಮುದ್ರದ ಉಪ್ಪುಗಾಳಿ ಸೇರಿ ಸೂಜಿಯ ದಂಡಕ್ಕೂ ಕೊಕ್ಕೆಯ ದಾರಿಗೂ ಬೇಗ ತುಕ್ಕು ಹಿಡಿಸುತ್ತವೆ. ಮುಂಬಯಿಯಲ್ಲೂ ಹೆಚ್ಚಿನ ವ್ಯತ್ಯಾಸವಿರಲಾರದು. ಮನೆಯಲ್ಲಿ ಕೈಗೆ ಸಿಗುತ್ತದೆಂದು ಕೊಬ್ಬರಿ ಎಣ್ಣೆ ಬಿಡುವ ರೂಢಿ ನಮ್ಮವರಲ್ಲಿ ಇನ್ನೂ ಇದೆ, ಅದನ್ನು ಬಿಟ್ಟುಬಿಡಬೇಕು. ಅದು ಚಳಿಗೆ ಹೆಪ್ಪುಗಟ್ಟುತ್ತದೆ, ಕಾಲ ಕಳೆದಂತೆ ಅಂಟಾಗಿ ಧೂಳನ್ನೂ ದಾರದ ಜುಂಗನ್ನೂ ಹಿಡಿದುಕೊಳ್ಳುತ್ತದೆ. ಹೊಲಿಗೆ ಯಂತ್ರಕ್ಕೆಂದೇ ಮಾರುವ ತಿಳಿಯಾದ ಬಿಳಿ ಎಣ್ಣೆಯನ್ನು, ಯಂತ್ರದ ಜೊತೆ ಬಂದ ಪುಸ್ತಕ ತೋರಿಸಿದ ಕಡೆಗಳಲ್ಲಿ ಒಂದೊಂದೇ ಹನಿ ಬಿಡಬೇಕು. ಬೆಲ್ಟಿಗೆ ಮತ್ತು ಮೋಟಾರಿನ ಬ್ರಷ್ಷಿಗೆ ಎಣ್ಣೆ ತಾಗಲೇಬಾರದು. ಬಾಬಿನ್ ಪೆಟ್ಟಿಗೆಯ ಹಿಂದಿನ ಜುಂಗನ್ನು ಸಣ್ಣ ಕುಂಚದಿಂದ ಹೊರಕ್ಕೆ ತೆಗೆಯಿರಿ, ಊದಿ ಒಳಕ್ಕೆ ಕಳಿಸಬೇಡಿ. ಬೆಲ್ಟನ್ನು ನಡುವೆ ಬೆರಳಿನಿಂದ ಒತ್ತಿದರೆ ಅರ್ಧದಿಂದ ಒಂದು ಸೆಂಟಿಮೀಟರ್ ಒಳಕ್ಕೆ ಹೋಗಬೇಕು. ತೀರ ಸಡಿಲವಾಗಿದ್ದರೆ ಮೋಟಾರು ತಿರುಗಿದರೂ ಸೂಜಿ ತಡವಾಗಿ ಏಳುತ್ತದೆ, ತೀರ ಬಿಗಿಯಾಗಿದ್ದರೆ ನಿಧಾನದ ಓಟವೇ ಸಿಗುವುದಿಲ್ಲ. ಬಾಬಿನ್ ಸುತ್ತಲೆಂದು ಸಡಿಲಿಸಿದ ಕೈಚಕ್ರದ ನಡುವಿನ ಬಿರಡೆಯನ್ನು ಮತ್ತೆ ಪೂರ್ತಿ ಬಿಗಿದಿದ್ದೀರಾ ಎಂಬುದನ್ನೂ ನೋಡಿ. ಅದು ಸ್ವಲ್ಪ ಸಡಿಲವಿದ್ದರೂ ಚಕ್ರ ಒಂದು ಕಡೆ, ಸೂಜಿ ಒಂದು ಕಡೆ ಆಗುತ್ತದೆ.

ಪಿಂಪ್ರಿಯ ಕೌದಿ ಕೆಲಸ

ಧಾರವಾಡದ ಕಡೆಯ ಕೌದಿಯನ್ನು ಇಲ್ಲಿ ಪುಣೆಯಲ್ಲಿ ಯಂತ್ರದ ಮೇಲೆ ಹೊಲಿಯುತ್ತೇನೆ. ಹಳೆಯ ಸೀರೆಗಳ ಐದಾರು ಪದರ, ಅಂಚಿನಲ್ಲಿ ಅದರ ಎರಡರಷ್ಟು. ಅಷ್ಟು ದಪ್ಪದ ಮೇಲೆ ನಿಧಾನ ಹೋಗಬೇಕೆಂದು ಪೆಡಲನ್ನು ಕಾಲಿನಿಂದ ಅಳೆಯುತ್ತ ಕೂತರೆ ಮೋಟಾರು ಸುಡುತ್ತದೆ. ನಾನು ಬೇರೆಯವರಿಗಿಂತ ಭಿನ್ನವಾಗಿ ಹೇಳುವುದೇನೆಂದರೆ, ಎಲ್ಲ ಕಡೆ ನಿಧಾನವೇ ಒಳ್ಳೆಯದಲ್ಲ. ಒಂದೇ ದಪ್ಪದ ನೇರ ಸಾಲನ್ನು ನಡು ವೇಗದಲ್ಲಿ, ತಡೆಯದೆ ಓಡಿಸಿರಿ. ಹೊಲಿಗೆ ಸಮನಾಗಿ ಬೀಳುತ್ತದೆ, ಮೋಟಾರೂ ತಣ್ಣಗಿರುತ್ತದೆ. ದಪ್ಪ ಮಡಿಕೆ ಬಂದಾಗ ಕಾಲನ್ನು ಪೂರ್ತಿ ತೆಗೆದು, ಕೈಚಕ್ರದಿಂದ ಒಂದೊಂದೇ ಹೊಲಿಗೆ ಹಾಕುತ್ತ ದಾಟಿರಿ. ಕೈಯ ಬಲ ಚಕ್ರ ನಿಂತಲ್ಲೂ ಇರುತ್ತದೆ, ಪೆಡಲನ್ನು ಸ್ವಲ್ಪವೇ ಒತ್ತಿದಾಗ ಈ ಮೋಟಾರಿಗೆ ಅಷ್ಟು ಬಲ ಸಿಗುವುದಿಲ್ಲ. ಕಾಲಿನಿಂದ ತುಳಿಯುವ ಯಂತ್ರ ಹೊಲಿಗೆಯ ನಿಧಾನಕ್ಕೆ ಇವತ್ತಿಗೂ ಹೆಸರಾಗಿರುವುದಕ್ಕೆ ಕಾರಣ ಇದೇ.

ಸೂಜಿಯ ಗಾತ್ರವೂ ವೇಗದ ವಿಷಯವೇ. ಖಣದಂಥ ಒತ್ತಾದ ನೆಯ್ಗೆಗೆ 14ರ ಸೂಜಿ, ಕೌದಿಯಂಥ ದಪ್ಪಕ್ಕೆ 16 ಅಥವಾ 18, ತೆಳು ಮಲ್ ಬಟ್ಟೆಗೆ 9 ಅಥವಾ 11 ಹಾಕುತ್ತೇನೆ. ಮೊಂಡಾದ ಸೂಜಿ ಬಟ್ಟೆಯನ್ನು ಚುಚ್ಚಲು ಹೆಚ್ಚು ಬಲ ಕೇಳುತ್ತದೆ. ಮೇಲೆ ವಿವರಿಸಿದ ನೆಗೆತವೆಲ್ಲ ಅದರಿಂದ ಹೆಚ್ಚಾಗುತ್ತದೆ. ಹೊಸ ಸೂಜಿ ಹಾಕಿ ನೋಡುವುದಕ್ಕೆ ಖರ್ಚು ಬಹಳ ಕಡಿಮೆ. ರವಿವಾರ ಪೇಟೆಯ ಬೋಹ್ರಿ ಆಳಿಗೆ ಹೋದಾಗ ನಾನು ಎಲ್ಲ ಗಾತ್ರದ ಪೊಟ್ಟಣಗಳನ್ನೂ ತಂದಿಟ್ಟುಕೊಳ್ಳುತ್ತೇನೆ.

ಮುಲುಂಡ್

ಸೂಜಿಯ ಸ್ಥಾನವೆಂದರೆ ಮೇಲೆ ಕೆಳಗೆ ಮಾತ್ರವಲ್ಲ, ಎಡ, ನಡುವೆ ಎಂಬುದೂ ಇದೆ. ನಿಮ್ಮದು ಜಿಗ್‌ಜ್ಯಾಗ್ ಯಂತ್ರವಾದ್ದರಿಂದ ಹೊಲಿಗೆ ಆರಿಸುವ ಗುಂಡಿಯಲ್ಲಿ ನೇರ ಹೊಲಿಗೆಯ ಎರಡು ಗುರುತುಗಳಿವೆಯೇ ನೋಡಿ. ಬಹಳಷ್ಟು ಸಾಧಾರಣ ಯಂತ್ರಗಳಲ್ಲಿ ಒಂದು ನಡುವಿನದು, ಇನ್ನೊಂದು ಎಡದ್ದು. ಜಿಗ್‌ಜ್ಯಾಗಿಗಾಗಿ ತಟ್ಟೆಯ ರಂಧ್ರ ಅಗಲವಾಗಿರುವುದರಿಂದ ನಡುವಿನ ಸೂಜಿ ಜಾರ್ಜೆಟ್‌ನಂಥ ತೆಳು ಬಟ್ಟೆಯನ್ನು ರಂಧ್ರದೊಳಕ್ಕೆ ತಳ್ಳಿಬಿಡುತ್ತದೆ. ಸೂಜಿಯನ್ನು ಎಡಕ್ಕೆ ಸರಿಸಿದರೆ ಬಟ್ಟೆಗೆ ರಂಧ್ರದ ಅಂಚಿನ ಆಸರೆ ಸಿಗುತ್ತದೆ, ಆರಂಭದ ಹೊಲಿಗೆಗಳು ನುಂಗಿಹೋಗುವುದಿಲ್ಲ. ಸೀರೆಯ ಫಾಲಿನ ಅಂಚಿಗೆ ಹತ್ತಿರ ಹೊಲಿಯಲೂ ಇದು ಅನುಕೂಲ.

ಒಂದು ಎಚ್ಚರಿಕೆ: ತಟ್ಟೆಯ ಮೇಲಿನ ಅಳತೆಯ ಗೆರೆಗಳು ಸಾಮಾನ್ಯವಾಗಿ ನಡುವಿನ ಸೂಜಿಯಿಂದ ಲೆಕ್ಕ ಹಾಕಿದವು. ಜಿಗ್‌ಜ್ಯಾಗಿನ ಗರಿಷ್ಠ ಅಗಲ 5 ಮಿಲಿಮೀಟರ್ ಇರುವ ಯಂತ್ರದಲ್ಲಿ ಎಡದ ಸ್ಥಾನ ನಡುವಿನಿಂದ 2.5 ಮಿಲಿಮೀಟರ್ ದೂರವಿರುತ್ತದೆ, ಆದ್ದರಿಂದ ಬಲಗಡೆ ಬಿಡುವ ಅಂಚು ಅಷ್ಟೇ ಹೆಚ್ಚಾಗುತ್ತದೆ. ರವಿಕೆಯ ಎರಡು ಬದಿಯನ್ನು ಎರಡು ಸ್ಥಾನದಲ್ಲಿ ಹೊಲಿದರೆ ಒಟ್ಟು ಸುತ್ತಳತೆಯಲ್ಲಿ ವ್ಯತ್ಯಾಸ ತೋರುತ್ತದೆ. ಸೂಜಿ ಬಟ್ಟೆಯೊಳಗಿರುವಾಗ ಗುಂಡಿಯನ್ನು ತಿರುಗಿಸಲೇಬೇಡಿ. ನೇರ ಹೊಲಿಗೆಗೆ ಮಾತ್ರ ಆಗುವ, ಕಿರಿದಾದ ರಂಧ್ರದ ಪಾದ ಹಾಕಿದ್ದರೆ ಸೂಜಿ ಎಡಕ್ಕೆ ಸರಿದ ಕೂಡಲೇ ಪಾದಕ್ಕೆ ಬಡಿದು ಮುರಿಯುತ್ತದೆ. ಗುಂಡಿ ಬದಲಿಸಿದ ಮೇಲೆ ಒಂದು ಸುತ್ತನ್ನು ಕೈಯಿಂದ ತಿರುಗಿಸಿ ನೋಡಿಯೇ ಪೆಡಲ್ ಒತ್ತಿರಿ.

ಡೊಂಬಿವಲಿ ಪೂರ್ವ

ನೀವೆಲ್ಲ ಹೇಳಿದಂತೆ ಜುಂಗನ್ನು ತೆಗೆದು, ಎಣ್ಣೆ ಬಿಟ್ಟು, ಸೂಜಿ ಬದಲಿಸಿ, ಪೆಡಲಿನ ಅಡಿಗೆ ಸ್ಪಂಜು ಇಟ್ಟು ಹೊಲಿದು ನೋಡಿದೆ. ಬಾಬಿನ್ ಪೆಟ್ಟಿಗೆಯ ಹಿಂದೆ ಜುಂಗು ಒತ್ತಾಗಿ ಕೂತಿತ್ತು. ಈಗ ಪೆಡಲನ್ನು ಮೊದಲಿಗಿಂತ ಕಡಿಮೆ ಒತ್ತಿದರೂ ಯಂತ್ರ ನುಗ್ಗದೆ ಮೆಲ್ಲಗೆ ಏಳುತ್ತದೆ. ಕೆಂಪು ಬೊಟ್ಟಿನ ಉಪಾಯ ತುಂಬ ಸಹಾಯವಾಗಿದೆ, ಬಟ್ಟೆ ತೆಗೆಯುವಾಗ ದಾರ ಸಲೀಸಾಗಿ ಬರುತ್ತದೆ. ಆದರೆ ಕುಲಾವಿಯ ಮೂಲೆಯಲ್ಲಿ ಇನ್ನೂ ಒಂದು ತೊಡಕಿದೆ. ಸೂಜಿಯನ್ನು ಪೂರ್ತಿ ಕೆಳಗಿಳಿಸಿ, ಪಾದ ಎತ್ತಿ ಬಟ್ಟೆಯನ್ನು ತಿರುಗಿಸಿದ ಮೇಲೆ ಬೀಳುವ ಮೊದಲ ಹೊಲಿಗೆ ಆಗಾಗ ತಪ್ಪಿಹೋಗುತ್ತದೆ. ಸೂಜಿ ಒಳಗೇ ಇದ್ದರೂ ಹೀಗೇಕೆ?

ಸಾಯನ್, ಗಾರ್ಮೆಂಟ್ ಕೆಲಸ

ಸೂಜಿ ಅತಿ ಕೆಳಗಿರುವಾಗ ಹೊಲಿಗೆ ಇನ್ನೂ ಹುಟ್ಟಿರುವುದಿಲ್ಲ. ಅದು ಅಲ್ಲಿಂದ ಸುಮಾರು 2ರಿಂದ 2.5 ಮಿಲಿಮೀಟರ್ ಮೇಲೇರಿದಾಗ ದಾರ ಹಿಂಬದಿಯಲ್ಲಿ ಉಬ್ಬಿ ಕುಣಿಕೆಯಾಗುತ್ತದೆ. ಕೊಕ್ಕೆಯ ತುದಿ ಆಗ ಬಂದು ಅದನ್ನು ಹಿಡಿಯುತ್ತದೆ. ನೀವು ಅದಕ್ಕೂ ಮೊದಲು ಬಟ್ಟೆಯನ್ನು ತಿರುಗಿಸಿದರೆ ದಾರ ಸೂಜಿಗೆ ಸುತ್ತಿಕೊಂಡು ಕುಣಿಕೆ ಸರಿಯಾಗಿ ಉಬ್ಬುವುದಿಲ್ಲ, ಕೊಕ್ಕೆ ಬರಿಗೈಯಲ್ಲಿ ಹೋಗುತ್ತದೆ. ಆದ್ದರಿಂದ ಸೂಜಿಯನ್ನು ತಳ ಮುಟ್ಟಿಸಿ, ಚಕ್ರವನ್ನು ಇನ್ನೂ ಸ್ವಲ್ಪ ನಿಮ್ಮ ಕಡೆಗೇ ತಿರುಗಿಸಿ, ಸೂಜಿ ಮೇಲೇರತೊಡಗಿ ಕೊಕ್ಕೆ ದಾರವನ್ನು ಹಿಡಿದ ಮೇಲೆ ಪಾದ ಎತ್ತಿರಿ. ತುದಿ ಬಟ್ಟೆಯೊಳಗೇ ಇರುತ್ತದೆ, ಹೊಲಿಗೆಯೂ ತಪ್ಪುವುದಿಲ್ಲ. ನಮ್ಮ ಕಾರ್ಖಾನೆಯಲ್ಲಿ ಕಾಲರ್ ಕೆಲಸದವರಿಗೆ ಮೊದಲು ಕಲಿಸುವುದೇ ಇದನ್ನು.

ಮಾಟುಂಗಾದ ಹೊಲಿಗೆಯವರು

ಇದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಕೈಚಕ್ರದಲ್ಲಿ ಆ ಜಾಗಕ್ಕೆ ಬಿಳಿ ಬಣ್ಣದ ಇನ್ನೊಂದು ಬೊಟ್ಟು ಇಡಿ. ಕೆಂಪು ಬಂದರೆ ಬಟ್ಟೆ ತೆಗೆಯಬಹುದು, ಬಿಳಿ ಬಂದರೆ ತಿರುಗಿಸಬಹುದು. ಕುಲಾವಿಯಂಥ ಸಣ್ಣ ತಿರುವುಗಳಿಗೆ ಮೂಲೆಯ ಹತ್ತಿರದ ಕೆಲವು ಹೊಲಿಗೆಗಳ ಉದ್ದವನ್ನು 2.5 ಮಿಲಿಮೀಟರಿನಿಂದ ಒಂದೂವರೆಗೆ ಇಳಿಸಿಕೊಂಡರೆ ಕೊನೆಯ ಹೊಲಿಗೆ ಮೂಲೆಯ ಗುರುತಿನ ಮೇಲೇ ಬೀಳುವಂತೆ ಹೊಂದಿಸುವುದು ಸುಲಭ. ಬೇರೆ ಬೇರೆ ಬಟ್ಟೆಗೆ ಬೊಟ್ಟಿನ ಜಾಗ ಬದಲಾಗುವುದಿಲ್ಲ, ಏಕೆಂದರೆ ಸೂಜಿಗೂ ಕೊಕ್ಕೆಗೂ ಇರುವ ಹೊಂದಾಣಿಕೆ ಯಂತ್ರದ್ದು.

ಕೊಥ್ರೂಡ್, ಪುಣೆ

ಆ ಎರಡು ಬೊಟ್ಟುಗಳ ವಿಷಯ ಓದಿ ಸಂತೋಷವಾಯಿತು. ದುಬಾರಿ ಯಂತ್ರದ ಬಟನ್ನಿನ ಹಿಂದೆ ಇರುವುದೂ ಇದೇ ತತ್ತ್ವ. ಮುಖ್ಯ ದಂಡದ ಮೇಲೆ ಒಂದು ಗುರುತು, ಅದನ್ನು ಓದುವ ಒಂದು ಸಂವೇದಕ, ಗುರುತು ಬರುವವರೆಗೆ ಮೋಟಾರನ್ನು ಮೆಲ್ಲಗೆ ನಡೆಸಿ ನಿಲ್ಲಿಸುವ ಒಂದು ಸರ್ಕ್ಯೂಟ್. ಬುಧವಾರ ಪೇಟೆಯಲ್ಲಿ ಆಯಸ್ಕಾಂತ ಮತ್ತು ಅದು ಬಳಿ ಬಂದುದನ್ನು ಗುರುತಿಸುವ ಹಾಲ್ ಸಂವೇದಕ ತಂದು ತಾವೇ ಇದನ್ನು ಮಾಡಬಹುದಲ್ಲ ಎಂದು ಯಾರಾದರೂ ಕೇಳಬಹುದು. ಗುರುತನ್ನು ಓದುವುದು ಸುಲಭ. ಆದರೆ ಈ ಜಾತಿಯ ಮೋಟಾರನ್ನು ಅತಿ ನಿಧಾನದಲ್ಲಿ ಸ್ಥಿರವಾಗಿ ನಡೆಸಿ, ಬೇಕಾದಲ್ಲಿ ತಟ್ಟನೆ ತಡೆಯುವುದು ಕಷ್ಟ. ಅದಕ್ಕಾಗಿ ಡಿಸಿ ಮೋಟಾರಿಗೇ ಬದಲಿಸಬೇಕಾಗುತ್ತದೆ, 230 ವೋಲ್ಟಿನ ಜೊತೆ ಕೆಲಸ ಮಾಡಿದ ಅನುಭವವೂ ಬೇಕು. ರವಿಕೆ, ಕುಲಾವಿಗಳ ಕೆಲಸಕ್ಕೆ ಆ ಶ್ರಮ ತಕ್ಕದ್ದಲ್ಲವೆಂದು ನನ್ನ ಅಭಿಪ್ರಾಯ. ದಿನವಿಡೀ ಮೂಲೆಗಳನ್ನೇ ತಿರುಗಿಸುವ, ತೇಪೆ ಕೆಲಸ ಮಾಡುವವರಿಗಾದರೆ ಬಟನ್ ಇರುವ ಯಂತ್ರ ನಿಜವಾಗಿಯೂ ಮೌಲ್ಯವುಳ್ಳದ್ದು, ಬಲಗೈಯ ಆಯಾಸವನ್ನು ಅದು ಬಹಳ ಕಡಿಮೆ ಮಾಡುತ್ತದೆ.

ಡೊಂಬಿವಲಿ ಪೂರ್ವ

ಬಿಳಿ ಬೊಟ್ಟಿನ ನಂತರ ಮೂಲೆಯ ಹೊಲಿಗೆ ತಪ್ಪುವುದು ನಿಂತಿದೆ. ಹೊಸ ಯಂತ್ರದ ಯೋಚನೆಯನ್ನು ಸದ್ಯಕ್ಕೆ ಬಿಟ್ಟಿದ್ದೇನೆ, ಪೆಡಲನ್ನು ಮಾತ್ರ ಬದಲಿಸಬೇಕೆಂದಿದ್ದೇನೆ. ಈಗಿರುವುದು ಹಳೆಯ ಮಾದರಿಯದೋ ಎಲೆಕ್ಟ್ರಾನಿಕ್ಕೋ ಎಂದು ಬಿಚ್ಚದೆ ತಿಳಿಯುವುದು ಹೇಗೆ? ಇನ್ನೊಂದು, ನಮ್ಮ ನೆಲದ ಟೈಲ್ಸಿನ ಮೇಲೆ ಪೆಡಲ್ ಜಾರಿ ಜಾರಿ ಗೋಡೆಗೆ ಹೋಗುತ್ತದೆ.

ಕೊಥ್ರೂಡ್, ಪುಣೆ

ಬಿಚ್ಚುವ ಅಗತ್ಯವಿಲ್ಲ. ಹದಿನೈದು ಇಪ್ಪತ್ತು ನಿಮಿಷ ನಿಧಾನವಾಗಿ ಹೊಲಿದ ಮೇಲೆ ಪೆಡಲನ್ನು ಮುಟ್ಟಿ ನೋಡಿ. ಚೆನ್ನಾಗಿ ಬಿಸಿಯಾಗಿದ್ದರೆ ಒಳಗಿರುವುದು ರೆಸಿಸ್ಟರ್ ಎಂದು ಬಹುಮಟ್ಟಿಗೆ ಹೇಳಬಹುದು, ಎಲೆಕ್ಟ್ರಾನಿಕ್ ಪೆಡಲ್ ಅಷ್ಟು ಬಿಸಿಯಾಗುವುದಿಲ್ಲ. ತಳದಲ್ಲಿ ಬರೆದಿರುವ ಮಾದರಿಯ ಸಂಖ್ಯೆಯನ್ನು ಬರೆದುಕೊಂಡು ರಿಪೇರಿಯವರಿಗೆ ತೋರಿಸಿದರೂ ತಿಳಿಯುತ್ತದೆ. ಹೊಲಿಗೆ ಮುಗಿದ ಕೂಡಲೇ, ದಾರ ಪೋಣಿಸುವಾಗಲೂ, ಸ್ವಿಚ್ ಆಫ್ ಮಾಡಿರಿ.

ಮಡಗಾಂವ್

ಜಾರುವುದಕ್ಕೆ ಅಡುಗೆಮನೆಯ ಕಪಾಟಿಗೆ ಹಾಸುವ ರಬ್ಬರಿನ ಜಾಲರಿ ಹಾಸು ಸಾಕು. ಪೆಡಲಿಗಿಂತ ಒಂದು ಗೇಣು ದೊಡ್ಡದಾಗಿ ಕತ್ತರಿಸಿ, ನಿಮ್ಮ ಹಿಮ್ಮಡಿಯೂ ಅದೇ ಹಾಸಿನ ಮೇಲೆ ಊರುವಂತೆ ಹಾಕಿರಿ. ನಿಮ್ಮ ಭಾರವೇ ಹಾಸನ್ನು ಹಿಡಿದಿಡುತ್ತದೆ, ಪೆಡಲ್ ಕದಲುವುದಿಲ್ಲ.